ಮತ್ತು, ಅಥವಾ, ಆವರಣ: ನಿಯಮದ ಗಂಟು ಎಲ್ಲಿದೆ?



ಸರ್ಕಾರದ ಆದೇಶವೊಂದು ಕೈಗೆ ಬಂದರೆ ನಾವೆಲ್ಲ ಮೊದಲು ನೋಡುವುದು ಹಣದ ಮೊತ್ತವನ್ನು. ಆಮೇಲೆ ಕಡೆಯ ದಿನಾಂಕವನ್ನು. ನಡುವೆ ಬರುವ ‘ಮತ್ತು’, ‘ಅಥವಾ’ ಎಂಬ ಎರಡು ಸಣ್ಣ ಪದಗಳ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಆದರೆ ಯಾರಿಗೆ ಸಿಗುತ್ತದೆ, ಯಾರಿಗೆ ಸಿಗುವುದಿಲ್ಲ ಎಂಬುದನ್ನು ತೀರ್ಮಾನಿಸುವುದು ಆ ಎರಡು ಪದಗಳೇ. ಅವುಗಳನ್ನು ಹೇಗೆ ಗುಂಪು ಕಟ್ಟಿದ್ದಾರೆ ಎಂಬುದರ ಮೇಲೆ ಒಂದು ತಾಲ್ಲೂಕಿನ ಭಾಗ್ಯ ನಿಂತಿರುತ್ತದೆ ಎಂದರೆ ಅತಿಶಯೋಕ್ತಿಯಲ್ಲ.

ಹಿಂದೆ ನಿಯಮವನ್ನು ಓದಿ ಅರ್ಥ ಮಾಡುತ್ತಿದ್ದವರು ಗುಮಾಸ್ತರು, ಶಿರಸ್ತೇದಾರರು. ವಾಕ್ಯ ಗೊಂದಲವಾಗಿದ್ದರೂ ಅದರ ಉದ್ದೇಶವೇನೆಂದು ಅವರು ಊಹಿಸುತ್ತಿದ್ದರು. ಈಗ ಓದುವುದು ಗಣಕಯಂತ್ರ. ಅದಕ್ಕೆ ಊಹೆಯೆಂಬುದಿಲ್ಲ, ಬರೆದುಕೊಟ್ಟದ್ದನ್ನು ಬರೆದುಕೊಟ್ಟಂತೆಯೇ ನಡೆಸುತ್ತದೆ. ದೇಶದ ಸುಮಾರು 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟವು 2022ರ ಜೂನ್‌ನಲ್ಲಿ ರೂ. 2,516 ಕೋಟಿ ವೆಚ್ಚಕ್ಕೆ ಒಪ್ಪಿಗೆ ಕೊಟ್ಟಿತು. ಆದ್ದರಿಂದ ಈ ವಿಷಯ ಬೆಂಗಳೂರಿನ ಇಂಜಿನಿಯರುಗಳದು ಮಾತ್ರವಲ್ಲ. ನಮ್ಮ ಸಂಘಗಳ ಮೇಜಿನ ಮೇಲಿನ ವಿಷಯವೂ ಹೌದು.

ಯಂತ್ರದ ಒಳಗೆ ಏನು ನಡೆಯುತ್ತದೆ?

ಅರ್ಹತೆ, ಸಾಲ, ಪರಿಹಾರ, ವಿಮೆ ಇಂಥ ಕೆಲಸಗಳಿಗೆ ಈಗ ‘ಬಿಸಿನೆಸ್ ರೂಲ್ಸ್’ ಎಂಬ ಬಗೆಯ ಸಾಫ್ಟ್‌ವೇರ್ ಬಳಕೆಯಲ್ಲಿದೆ. ಅದರಲ್ಲಿ ಒಂದೊಂದು ಷರತ್ತನ್ನೂ ಒಂದೊಂದು ಸಾಲಿನಲ್ಲಿ ಬರೆಯುತ್ತಾರೆ: ಜಮೀನು ಇಷ್ಟು ಎಕರೆಯೊಳಗೆ, ನಷ್ಟ ಶೇಕಡಾ ಇಷ್ಟಕ್ಕಿಂತ ಮೇಲೆ, ಹೀಗೆ. ಬಳಿಕ ಕೆಲವು ಸಾಲುಗಳನ್ನು ಒಂದು ಗುಂಪಾಗಿ ಕಟ್ಟಿ, ಆ ಗುಂಪಿನ ತಲೆಯ ಮೇಲೆ ‘ಎಲ್ಲವೂ ಇರಬೇಕು’ ಎಂದೋ ‘ಯಾವುದಾದರೂ ಒಂದು ಇದ್ದರೆ ಸಾಕು’ ಎಂದೋ ಗುರುತು ಹಾಕುತ್ತಾರೆ. ಮೊದಲನೆಯದು ‘ಮತ್ತು’, ಎರಡನೆಯದು ‘ಅಥವಾ’. ಗುಂಪಿನೊಳಗೆ ಇನ್ನೊಂದು ಗುಂಪೂ ಇರಬಹುದು. ಶಾಲೆಯ ಲೆಕ್ಕದಲ್ಲಿ ನಾವು ಹಾಕುತ್ತಿದ್ದ ಆವರಣವೇ ಈ ಗುಂಪು.

ಆವರಣ ಹಾಕದಿದ್ದರೆ ಏನಾಗುತ್ತದೆ? 2 + 3 × 4 ಎಂಬ ಲೆಕ್ಕಕ್ಕೆ ಉತ್ತರ 20 ಅಲ್ಲ, 14. ಗುಣಾಕಾರ ಮೊದಲು, ಸಂಕಲನ ಆಮೇಲೆ. ಗಣಕದ ಭಾಷೆಗಳಲ್ಲಿಯೂ ಸಾಮಾನ್ಯವಾಗಿ ಹೀಗೆಯೇ: ‘ಮತ್ತು’ ಮೊದಲು, ‘ಅಥವಾ’ ಆಮೇಲೆ. ಬರೆದವರ ಮನಸ್ಸಿನಲ್ಲಿ ಬೇರೆ ಅರ್ಥವಿದ್ದರೂ ಆವರಣವಿಲ್ಲದಿದ್ದರೆ ಯಂತ್ರ ತನ್ನ ಕ್ರಮದಲ್ಲಿಯೇ ಹೋಗುತ್ತದೆ.

ಕಾಫಿ ಬೆಳೆಗಾರ ಸದಸ್ಯರಿಗೆ ಇದನ್ನು ಅವರ ತೋಟದ ಮಾತಿನಲ್ಲಿಯೇ ಹೇಳಬಹುದು. ರೊಬಸ್ಟಾ ಕಾಯಿ ಕಟ್ಟಬೇಕಾದರೆ ಹೂಮಳೆ ಬೇಕು. ಅದರ ಹಿಂದೆ ಕೆಲವು ವಾರಗಳೊಳಗೆ ಬ್ಯಾಕಿಂಗ್ ಮಳೆಯೂ ಬೇಕು. ಮಳೆ ಕೈಕೊಟ್ಟರೆ ಎರಡು ಸಲವೂ ಸ್ಪ್ರಿಂಕ್ಲರ್‌ನಿಂದ ನೀರು ಕೊಡಬಹುದು. ಇದರ ಸರಿಯಾದ ನಿಯಮ ಹೀಗೆ:

(ಹೂಮಳೆ ಅಥವಾ ಹೂವಿಗೆ ಸ್ಪ್ರಿಂಕ್ಲರ್) ಮತ್ತು (ಬ್ಯಾಕಿಂಗ್ ಮಳೆ ಅಥವಾ ಬ್ಯಾಕಿಂಗ್ ಸ್ಪ್ರಿಂಕ್ಲರ್).

ಆವರಣಗಳನ್ನು ತೆಗೆದುಬಿಡಿ. ಯಂತ್ರ ಓದುವುದು: ಹೂಮಳೆ ಒಂದೇ ಬಂದರೂ ಸಾಕು, ಇಲ್ಲವೆ, ಹೂವಿಗೆ ಸ್ಪ್ರಿಂಕ್ಲರ್ ಕೊಟ್ಟು ಬ್ಯಾಕಿಂಗ್ ಮಳೆ ಬಂದರೆ ಸಾಕು, ಇಲ್ಲವೆ, ಬ್ಯಾಕಿಂಗ್ ಸ್ಪ್ರಿಂಕ್ಲರ್ ಒಂದೇ ಕೊಟ್ಟರೂ ಸಾಕು. ಹೂಮಳೆ ಬಂದು ಹಿಂದಿನ ಮಳೆ ಬಾರದೆ ಹೂವು ಒಣಗಿದ ವರ್ಷವನ್ನೂ ಅದು ಒಳ್ಳೆಯ ವರ್ಷವೆಂದೇ ಬರೆದುಕೊಳ್ಳುತ್ತದೆ. ಪದಗಳು ಅವೇ, ಕ್ರಮವೂ ಅದೇ; ಆವರಣ ಹೋದೊಡನೆ ನಿಯಮವೇ ಬೇರೆಯಾಯಿತು.

ಬರ ಘೋಷಣೆಯೆಂಬ ನಿಯಮ

ಈಗ ನಮ್ಮ ನಾಡಿಗೆ ಬರೋಣ. ಮಧುಗಿರಿ ಉಪವಿಭಾಗದ ನಾಲ್ಕು ತಾಲ್ಲೂಕುಗಳಾದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ ಬರವೆಂಬುದು ಅತಿಥಿಯಲ್ಲ, ಮನೆಯವನೇ. ಪಾವಗಡದ ಕಡೆ ಮಳೆಯನ್ನೇ ನಂಬಿದ ಕಡಲೆಕಾಯಿ. ಕೊರಟಗೆರೆ, ಮಧುಗಿರಿ, ಶಿರಾಗಳಲ್ಲಿ ಕೊಳವೆಬಾವಿಯನ್ನು ನಂಬಿದ ಅಡಿಕೆ. ಬರ ಬಂದಿದೆಯೆಂದು ರೈತನಿಗೆ ಗೊತ್ತಾಗುವುದು ಆಕಾಶ ನೋಡಿ. ಸರ್ಕಾರಕ್ಕೆ ಗೊತ್ತಾಗುವುದು ನಿಯಮ ನೋಡಿ. ಆ ನಿಯಮ ಇರುವುದು ಕೇಂದ್ರ ಕೃಷಿ ಇಲಾಖೆ 2016ರಲ್ಲಿ ಹೊರಡಿಸಿದ ಬರ ನಿರ್ವಹಣಾ ಕೈಪಿಡಿಯಲ್ಲಿ.

ಅದರ ಮೊದಲ ಹಂತ ಮಳೆಯದು. ಎರಡು ಅಳತೆಗಳು: ವಾಡಿಕೆಗೆ ಹೋಲಿಸಿ ಮಳೆ ಎಷ್ಟು ಕೊರತೆ ಎಂಬುದು ಒಂದು, ಶುಷ್ಕ ಅವಧಿ ಇತ್ತೇ ಎಂಬುದು ಇನ್ನೊಂದು. ಶೇಕಡಾ 20ರಿಂದ 59ರವರೆಗೆ ಕಡಿಮೆಯಾದರೆ ‘ಕೊರತೆ’, 60ನ್ನು ಮುಟ್ಟಿದರೆ ‘ತೀವ್ರ ಕೊರತೆ’. ಸತತ ಮೂರು ನಾಲ್ಕು ವಾರ ವಾಡಿಕೆಯ ಅರ್ಧದಷ್ಟೂ ಮಳೆಯಾಗದಿದ್ದರೆ ಅದು ಶುಷ್ಕ ಅವಧಿ. ಕೈಪಿಡಿಯಲ್ಲಿ ಇವುಗಳನ್ನು ನಾಲ್ಕು ಸಾಲಿನ ಕೋಷ್ಟಕವಾಗಿ ಕೊಟ್ಟಿದ್ದಾರೆ:

ಮಳೆ ಕೊರತೆ, ಶುಷ್ಕ ಅವಧಿಯೂ ಇದೆ: ಬರದ ಸೂಚನೆ ಉಂಟು.
ಮಳೆ ಕೊರತೆ, ಶುಷ್ಕ ಅವಧಿ ಇಲ್ಲ: ಕೊರತೆ ತೀವ್ರವಾಗಿದ್ದರೆ ಮಾತ್ರ ಉಂಟು.
ಮಳೆ ವಾಡಿಕೆಯಷ್ಟಿದೆ, ಆದರೆ ಶುಷ್ಕ ಅವಧಿ ಇದೆ: ಉಂಟು.
ಮಳೆ ವಾಡಿಕೆಯಷ್ಟಿದೆ, ಶುಷ್ಕ ಅವಧಿಯೂ ಇಲ್ಲ: ಇಲ್ಲ.

ಈ ನಾಲ್ಕು ಸಾಲುಗಳನ್ನು ಸಮಾಧಾನವಾಗಿ ಓದಿದರೆ ಒಂದು ವಿಷಯ ಹೊಳೆಯುತ್ತದೆ. ಶುಷ್ಕ ಅವಧಿ ಇದ್ದರೆ ಮಳೆಯ ಮೊತ್ತ ಎಷ್ಟೇ ಇರಲಿ, ಉತ್ತರ ‘ಉಂಟು’. ಶುಷ್ಕ ಅವಧಿ ಇಲ್ಲದಿದ್ದರೆ ತೀವ್ರ ಕೊರತೆ ಬೇಕು. ಅಂದರೆ ಇಡೀ ಕೋಷ್ಟಕ ಒಂದೇ ವಾಕ್ಯಕ್ಕೆ ಇಳಿಯುತ್ತದೆ: ಶುಷ್ಕ ಅವಧಿ ಅಥವಾ ತೀವ್ರ ಕೊರತೆ.

ಇದನ್ನೇ ಅವಸರದಲ್ಲಿ ಒಬ್ಬರು ‘ಮಳೆ ಕೊರತೆ ಮತ್ತು (ಶುಷ್ಕ ಅವಧಿ ಅಥವಾ ತೀವ್ರ ಕೊರತೆ)’ ಎಂದು ಕಟ್ಟಿದರು ಎನ್ನಿ. ಕಿವಿಗೆ ಚೆನ್ನಾಗಿಯೇ ಕೇಳುತ್ತದೆ. ಆದರೆ ಮೂರನೆಯ ಸಾಲು ಪೂರ್ತಿ ಬಿದ್ದುಹೋಯಿತು. ಮೂರನೆಯ ಸಾಲು ಯಾರದು? ಜೂನ್‌ನಲ್ಲಿ ಎರಡು ರಾತ್ರಿ ಧೋ ಎಂದು ಸುರಿದು, ಒಟ್ಟು ಲೆಕ್ಕದಲ್ಲಿ ವಾಡಿಕೆ ತುಂಬಿ, ಆಮೇಲೆ ಕಡಲೆಕಾಯಿ ಊಡು ಇಳಿಯುವ ಹೊತ್ತಿಗೆ ನಾಲ್ಕು ವಾರ ಹನಿ ಬೀಳದ ಊರಿನದು. ಪಾವಗಡದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಆವರಣವನ್ನು ಒಂದು ಪದ ಆಚೆಗಿಟ್ಟರೆ ಅವನ ಬರ ಕಾಗದದಿಂದಲೇ ಮಾಯವಾಗುತ್ತದೆ.

ನಾಲ್ಕರಲ್ಲಿ ಮೂರು, ಮೂರರಲ್ಲಿ ಎರಡು

ಎರಡನೆಯ ಹಂತ ಪರಿಣಾಮದ್ದು. ಇಲ್ಲಿ ನಾಲ್ಕು ಗುಂಪುಗಳು: ಬಿತ್ತನೆಯ ಪ್ರದೇಶ, ಉಪಗ್ರಹ ಕಂಡ ಹಸಿರಿನ ಸೂಚ್ಯಂಕ, ಮಣ್ಣಿನ ತೇವಾಂಶ, ಜಲಾಶಯ, ಅಂತರ್ಜಲ, ಹೊಳೆ ಹರಿವುಗಳ ಜಲಸ್ಥಿತಿ. ಈ ನಾಲ್ಕರಲ್ಲಿ ಮೂರನ್ನು ರಾಜ್ಯ ಆರಿಸಿಕೊಳ್ಳಬೇಕು. ಕೈಪಿಡಿಯ 2016ರ ಮೂಲ ರೂಪದ ಪ್ರಕಾರ ಆರಿಸಿದ ಮೂರೂ ತೀವ್ರವಾಗಿದ್ದರೆ ತೀವ್ರ ಬರ. ಮೂರರಲ್ಲಿ ಎರಡು ಕೆಟ್ಟಿದ್ದರೆ ಸಾಧಾರಣ ಬರ.

‘ಮೂರೂ’ ಎಂಬುದು ಕಟ್ಟುನಿಟ್ಟಾದ ‘ಮತ್ತು’. ಒಂದು ತಪ್ಪಿದರೂ ಎಲ್ಲ ತಪ್ಪಿತು. ‘ಮೂರರಲ್ಲಿ ಎರಡು’ ಎಂಬುದನ್ನು ಯಂತ್ರಕ್ಕೆ ಹೇಳಬೇಕಾದರೆ ಮೂರು ಆವರಣ ಬೇಕು: (ಒಂದನೆಯದು ಮತ್ತು ಎರಡನೆಯದು) ಅಥವಾ (ಎರಡನೆಯದು ಮತ್ತು ಮೂರನೆಯದು) ಅಥವಾ (ಒಂದನೆಯದು ಮತ್ತು ಮೂರನೆಯದು). ಬಾಯಿಮಾತಿನಲ್ಲಿ ಎರಡಕ್ಕೂ ಹೆಚ್ಚು ಅಂತರವಿಲ್ಲ. ಪರಿಹಾರದ ದೃಷ್ಟಿಯಿಂದ ಅಜಗಜಾಂತರ. ಏಕೆಂದರೆ ಕೇಂದ್ರದ ನೆರವು ಕೇಳುವ ಹಾದಿ ತೀವ್ರ ಬರದ್ದು.

ನಾಲ್ಕರಲ್ಲಿ ಯಾವುದನ್ನು ಬಿಟ್ಟರು ಎಂಬುದು ಅಡಿಕೆ ಬೆಳೆಗಾರರಿಗೆ ಇನ್ನೂ ಮುಖ್ಯ. ಅಡಿಕೆ ತೋಟಕ್ಕೆ ಪ್ರತಿ ವರ್ಷ ಬಿತ್ತನೆಯಿಲ್ಲ. ಆದ್ದರಿಂದ ಬಿತ್ತನೆಯ ಲೆಕ್ಕ ನಮ್ಮ ಕಷ್ಟವನ್ನು ಕಾಣದು. ಕೊಳವೆಬಾವಿಯ ನೀರು ಅರ್ಧ ಇಂಚಿಗೆ ಇಳಿದಿದ್ದರೂ ಗರಿ ಕೆಲವು ತಿಂಗಳು ಹಸಿರಾಗಿಯೇ ಇರುತ್ತದೆ. ಆಕಾಶದಿಂದ ನೋಡಿದ ಉಪಗ್ರಹ ತೋಟ ಸುಖವಾಗಿದೆ ಎನ್ನುತ್ತದೆ. ಹಿಂಗಾರ ಒಣಗುವುದು, ಹರಳು ಉದುರುವುದು, ಗೊನೆ ಸಣ್ಣಗಾಗುವುದು ಆಮೇಲಿನ ಮಾತು. ಪೆಟ್ಟು ಮುಂದಿನ ಫಸಲಿಗೂ ಹೋಗುತ್ತದೆ. ಅಡಿಕೆಯ ಬರವನ್ನು ಕಾಣುವ ಕಣ್ಣು ಅಂತರ್ಜಲ ಒಂದೇ. ಜಲಸ್ಥಿತಿಯ ಗುಂಪನ್ನು ಕೈಬಿಟ್ಟು ಉಳಿದ ಮೂರನ್ನು ಆರಿಸಿದರೆ ಕೊರಟಗೆರೆಯ ತೋಟಗಾರನ ಸಂಕಟ ಲೆಕ್ಕಕ್ಕೇ ಬರುವುದಿಲ್ಲ.

ಮೂರನೆಯ ಹಂತವಾಗಿ ತಾಲ್ಲೂಕಿನ ಶೇಕಡಾ 10ರಷ್ಟು ಹಳ್ಳಿಗಳಲ್ಲಿ ಸ್ಥಳ ಪರಿಶೀಲನೆ ಮಾಡಬೇಕೆಂದು ಕೈಪಿಡಿ ಹೇಳುತ್ತದೆ. ಇದು ಒಳ್ಳೆಯದೇ. ಆದರೆ ಮೊದಲೆರಡು ಹಂತಗಳಲ್ಲಿ ಬಿದ್ದುಹೋದ ತಾಲ್ಲೂಕಿಗೆ ಪರಿಶೀಲನೆಯ ಜೀಪು ಬರುವುದೇ ಇಲ್ಲವಲ್ಲ!

2023ರ ಮುಂಗಾರು ಕೈಕೊಟ್ಟಾಗ ಇದೆಲ್ಲ ಕಣ್ಣೆದುರಿಗೇ ನಡೆಯಿತು. ಬರದ ಮಾನದಂಡಗಳನ್ನು ಸಡಿಲಿಸಬೇಕೆಂದು ರಾಜ್ಯದ ಮುಖ್ಯಮಂತ್ರಿಗಳು ಕೇಂದ್ರಕ್ಕೆ ಪತ್ರ ಬರೆದರು. ಸೆಪ್ಟೆಂಬರ್‌ನಲ್ಲಿ 195 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ವರ್ಷ ಮುಗಿಯುವ ಮೊದಲೇ ಆ ಸಂಖ್ಯೆ ಒಟ್ಟು 236ರಲ್ಲಿ 223ಕ್ಕೆ ಏರಿತು. ನಮ್ಮ ನಾಲ್ಕು ತಾಲ್ಲೂಕುಗಳೂ ಅದರಲ್ಲಿದ್ದವು. ರಾಜ್ಯ ರೂ. 18,171 ಕೋಟಿ ನೆರವು ಕೇಳಿತು. ಸುಪ್ರೀಂ ಕೋರ್ಟಿನವರೆಗೆ ಹೋದ ಮೇಲೆ 2024ರ ಏಪ್ರಿಲ್‌ನಲ್ಲಿ ಸುಮಾರು ರೂ. 3,454 ಕೋಟಿ ಬಂತು. ಈ ಜಗ್ಗಾಟದಲ್ಲಿ ಯಾರದು ಸರಿ ಎಂಬ ರಾಜಕೀಯಕ್ಕೆ ನಾವು ಇಳಿಯುವುದಿಲ್ಲ. ಇಷ್ಟು ದೊಡ್ಡ ಹಣ ಹರಿಯುವ ಕಾಲುವೆಯ ತೂಬು ಕೆಲವು ‘ಮತ್ತು–ಅಥವಾ’ಗಳಲ್ಲಿದೆ ಎಂಬುದನ್ನಷ್ಟೇ ತೋರಿಸಬಯಸುತ್ತೇವೆ.

ಹಣ ಖಾತೆಗೆ ಬರುವ ಹಾದಿ

ತಾಲ್ಲೂಕಿಗೆ ಬರ ಘೋಷಣೆಯಾದರೆ ಮುಗಿಯಲಿಲ್ಲ; ರೈತನ ಖಾತೆಗೆ ಹಣ ಬರಬೇಕಾದರೆ ಇನ್ನೊಂದು ನಿಯಮವಿದೆ. 2022–26ರ ಅವಧಿಗೆ ವಿಪತ್ತು ಪರಿಹಾರ ನಿಧಿಯ ದರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ ರೂ. 8,500, ನೀರಾವರಿ ಬೆಳೆಗೆ ರೂ. 17,000, ಬಹುವಾರ್ಷಿಕ ಬೆಳೆಗೆ ರೂ. 22,500 ಎಂದು ನಿಗದಿಯಾಯಿತು. ನಷ್ಟ ಶೇಕಡಾ 33 ಅಥವಾ ಹೆಚ್ಚಿರಬೇಕು. ಎರಡು ಹೆಕ್ಟೇರಿನ ಮಿತಿ. ಇದನ್ನು ಕಟ್ಟಬೇಕಾದದ್ದು ಹೀಗೆ: (ಮಳೆಯಾಶ್ರಿತ ಅಥವಾ ನೀರಾವರಿ ಅಥವಾ ಬಹುವಾರ್ಷಿಕ) ಮತ್ತು ನಷ್ಟ ಶೇಕಡಾ 33 ಅಥವಾ ಮೇಲೆ. ಆವರಣ ಬಿಟ್ಟರೆ ಶೇಕಡಾ 33ರ ಷರತ್ತು ಕೊನೆಯ ‘ಬಹುವಾರ್ಷಿಕ’ಕ್ಕೆ ಮಾತ್ರ ಅಂಟಿಕೊಳ್ಳುತ್ತದೆ. ಆಗ ನಷ್ಟ ತೋರಿಸಬೇಕಾದವನು ಅಡಿಕೆ, ತೆಂಗು ಬೆಳೆದವನು ಒಬ್ಬನೇ. ಉಳಿದವರು ನಷ್ಟವಿಲ್ಲದಿದ್ದರೂ ಪಾಸು!

ಇದರ ಮೇಲೆ ‘ಫ್ರೂಟ್ಸ್’ ನೋಂದಣಿ ಇರಬೇಕು, ಬೆಳೆ ಸಮೀಕ್ಷೆಯಲ್ಲಿ ಬೆಳೆ ದಾಖಲಾಗಿರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಮೂರೂ ‘ಮತ್ತು’ಗಳೇ. ಒಂದೊಂದೂ ನ್ಯಾಯವಾಗಿ ಕಾಣುತ್ತದೆ. ಆದರೆ ‘ಮತ್ತು’ ಒಂದೊಂದು ಸೇರಿದಂತೆ ಜರಡಿಯ ಕಣ್ಣು ಸಣ್ಣದಾಗುತ್ತದೆ ಎಂಬುದನ್ನು ನಿಯಮ ಬರೆಯುವವರು ನೆನಪಿಡಬೇಕು. ಜಂಟಿ ಖಾತೆಯ ಪಹಣಿ, ತೀರಿಕೊಂಡ ತಂದೆಯ ಹೆಸರಿನಲ್ಲಿಯೇ ಉಳಿದ ಜಮೀನು, ಅಡಿಕೆಯ ನಡುವೆ ಬಾಳೆ ಹಾಕಿದ ತೋಟ ಇವು ಜರಡಿಯಲ್ಲಿ ನಿಲ್ಲುವುದು ಹೀಗೆ. ಇಂಥವರಿಗಾಗಿ ಒಂದು ‘ಅಥವಾ’ ಗುಂಪು ಇರಲೇಬೇಕು: ಸಮೀಕ್ಷೆಯ ದಾಖಲೆ ಅಥವಾ ಗ್ರಾಮ ಲೆಕ್ಕಿಗರ ಸ್ಥಳ ಮಹಜರು ಎಂಬಂತೆ.

‘ಅಲ್ಲ’ ಎಂಬ ಮೂರನೆಯ ಪದ

ಮತ್ತು, ಅಥವಾಗಳಿಗಿಂತ ಹೆಚ್ಚು ತೊಡಕಿನದು ‘ಅಲ್ಲ’. 2019ರ ಫೆಬ್ರವರಿಯಲ್ಲಿ ಚಾಲನೆಗೊಂಡ ಪಿ.ಎಂ. ಕಿಸಾನ್ ಯೋಜನೆಯನ್ನು ನೋಡಿ. ವರ್ಷಕ್ಕೆ ರೂ. 6,000. ಮಾಸಿಕ ರೂ. 10,000 ಅಥವಾ ಹೆಚ್ಚು ಪಿಂಚಣಿ ಪಡೆಯುವ ನಿವೃತ್ತರು ಅನರ್ಹರು. ಆದರೆ ನಾಲ್ಕನೆಯ ದರ್ಜೆಯ ನೌಕರರಾಗಿದ್ದವರಿಗೆ ಈ ಅನರ್ಹತೆಯಿಲ್ಲ. ಅನರ್ಹತೆಯ ಗುಂಪಿನಲ್ಲಿ ‘ಮತ್ತು’ವಿನಿಂದ ಸೇರಿದ ಮೂರು ಷರತ್ತುಗಳು: ಪಿಂಚಣಿದಾರ, ಮತ್ತು ಹತ್ತು ಸಾವಿರ ಅಥವಾ ಮೇಲೆ, ಮತ್ತು ನಾಲ್ಕನೆಯ ದರ್ಜೆಯವನಲ್ಲ.

ಅರ್ಹತೆಯನ್ನು ಬರೆಯುವಾಗ ಈ ಗುಂಪನ್ನು ತಲೆಕೆಳಗು ಮಾಡಬೇಕು. ಆಗ ಒಳಗಿನ ‘ಮತ್ತು’ಗಳೆಲ್ಲ ‘ಅಥವಾ’ ಆಗುತ್ತವೆ: ಪಿಂಚಣಿದಾರನಲ್ಲ, ಅಥವಾ ಪಿಂಚಣಿ ಹತ್ತು ಸಾವಿರಕ್ಕಿಂತ ಕಡಿಮೆ, ಅಥವಾ ನಾಲ್ಕನೆಯ ದರ್ಜೆಯವನು. ‘ಮತ್ತು’ಗಳನ್ನು ಹಾಗೆಯೇ ಉಳಿಸಿ ‘ಅಲ್ಲ’ ಮಾತ್ರ ಸೇರಿಸಿದರೆ ನಾಲ್ಕು ಸಾವಿರ ಪಿಂಚಣಿಯ ಬಡವನೂ ಹೊರಗೆ, ಹನ್ನೊಂದು ಸಾವಿರ ಬರುವ ನಿವೃತ್ತ ಜವಾನನೂ ಹೊರಗೆ. ಈ ಸೂತ್ರವನ್ನು ಜಗತ್ತು ಕರೆಯುವುದು ಡಿ ಮಾರ್ಗನ್ ಸೂತ್ರವೆಂದು. 1806ರಲ್ಲಿ ನಮ್ಮ ನೆರೆಯ ಮದುರೆಯಲ್ಲಿ ಹುಟ್ಟಿದ ಗಣಿತಜ್ಞ ಆಗಸ್ಟಸ್ ಡಿ ಮಾರ್ಗನ್. ಅವನ ಸಮಕಾಲೀನ ಜಾರ್ಜ್ ಬೂಲ್ 1854ರಲ್ಲಿ ಪ್ರಕಟಿಸಿದ ಗ್ರಂಥದ ತರ್ಕವೇ ಇಂದಿನ ಗಣಕದ ತಳಹದಿ. ಹೊಸದೇನೂ ಅಲ್ಲ, ಕಷ್ಟದ್ದೂ ಅಲ್ಲ. ಗಮನವಿಲ್ಲದೆ ಬರೆದಾಗ ಮಾತ್ರ ಅಪಾಯ.

ನಮ್ಮ ಭಾಷೆಯಲ್ಲಿ ‘ಅಡಿಕೆಯೂ ತೆಂಗೂ’, ‘ಮಳೆಯೋ ಬಿಸಿಲೋ’ ಎಂದು ಪ್ರತಿ ಪದಕ್ಕೂ ಗುರುತು ಕಟ್ಟುವ ಚಂದದ ಪದ್ಧತಿಯಿದೆ. ಮಾತಿನಲ್ಲಿ ನಿಲ್ಲಿಸಿ ಹೇಳುವುದೇ ಆವರಣವಾಗುತ್ತದೆ. ಕಚೇರಿಯ ಕನ್ನಡ ಅದನ್ನು ಬಿಟ್ಟು ‘ಮತ್ತು/ಅಥವಾ’ ಎಂಬ ಓರೆಗೆರೆಯ ಪ್ರಯೋಗವನ್ನು ತಂದುಕೊಂಡಿದೆ. ಅದರ ಅರ್ಥ ಓದುಗನೇ ಆರಿಸಿಕೊಳ್ಳಲಿ ಎಂದು. ಯಂತ್ರಕ್ಕೆ ಆರಿಸಿಕೊಳ್ಳಲು ಬಾರದು. ಆದ್ದರಿಂದ ಸಾಫ್ಟ್‌ವೇರ್ ಬರೆಯುವ ಹುಡುಗನೊಬ್ಬ, ಅಡಿಕೆ ಮರವನ್ನು ಹತ್ತಿರದಿಂದ ನೋಡದವನು, ನಮ್ಮ ಪರವಾಗಿ ಆರಿಸಿಬಿಡುತ್ತಾನೆ.

ಆಕ್ಷೇಪಗಳು

ಯಂತ್ರ ಬಂದದ್ದರಿಂದ ಶಿಫಾರಸು, ಲಂಚ ಕಡಿಮೆಯಾಯಿತಲ್ಲ, ಅದರಲ್ಲಿ ತಪ್ಪು ಹುಡುಕುವುದೇಕೆ ಎಂದು ಕೆಲವರು ಕೇಳಬಹುದು. ಯಂತ್ರ ಬೇಡವೆಂದು ನಾವು ಹೇಳುತ್ತಿಲ್ಲ. ಮುಖ ನೋಡಿ ಮಣೆ ಹಾಕದಿರುವುದು ಅದರ ದೊಡ್ಡ ಗುಣ. ಆದರೆ ಗುಮಾಸ್ತ ತಪ್ಪಿದರೆ ಒಂದು ಕಡತ ಕೆಡುತ್ತದೆ. ನಿಯಮ ತಪ್ಪಿದರೆ ಒಂದೇ ರಾತ್ರಿಯಲ್ಲಿ ಇಡೀ ಜಿಲ್ಲೆಯ ಕಡತಗಳು ಕೆಡುತ್ತವೆ, ಅದೂ ಯಾರ ಗಮನಕ್ಕೂ ಬಾರದಂತೆ. ಸಾಮಾನ್ಯ ರೈತನಿಗೆ ತರ್ಕಶಾಸ್ತ್ರ ತಿಳಿಯುವುದೇ ಎಂಬುದು ಇನ್ನೊಂದು ಆಕ್ಷೇಪ. ಪಂಚಾಯಿತಿ ಕಟ್ಟೆಯಲ್ಲಿ ಕೂತು ನೀರಿನ ಸರದಿಯ ಷರತ್ತುಗಳನ್ನು ಬಾಯಲ್ಲೇ ಬಿಡಿಸುವವನಿಗೆ ಇದು ತಿಳಿಯದೆಂಬುದನ್ನು ನಾವು ಒಪ್ಪುವುದಿಲ್ಲ. ಕಾಗದವನ್ನು ಅವನ ಕೈಗೆ ಕೊಟ್ಟು ನೋಡಲಿ.

ನಮ್ಮ ಸಲಹೆಗಳು

ಒಂದು: ಸಾಲ, ಪರಿಹಾರ, ಸಹಾಯಧನಗಳ ಪ್ರತಿ ನಿಯಮವನ್ನೂ ಯಂತ್ರಕ್ಕೆ ಹಾಕಿದ ರೂಪದಲ್ಲಿಯೇ, ಗುಂಪು ಗುಂಪಾಗಿ, ‘ಎಲ್ಲವೂ’, ‘ಯಾವುದಾದರೂ ಒಂದು’ ಎಂಬ ತಲೆಬರಹದೊಡನೆ ಕನ್ನಡದಲ್ಲಿ ಅಚ್ಚುಮಾಡಿಸಿ ಸಂಘದ ಮತ್ತು ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಾಕಬೇಕು. ‘ಮತ್ತು/ಅಥವಾ’ ಪ್ರಯೋಗವನ್ನು ಕೈಬಿಡಬೇಕು.

ಎರಡು: ಅರ್ಜಿ ತಿರಸ್ಕೃತವಾದರೆ ಬರೀ ‘ಅನರ್ಹ’ ಎಂದರೆ ಸಾಲದು, ಎಷ್ಟನೆಯ ಗುಂಪಿನ ಎಷ್ಟನೆಯ ಷರತ್ತು ತಪ್ಪಿತೆಂದು ಹಿಂಬರಹ ಕೊಡಬೇಕು. ಯಂತ್ರಕ್ಕೆ ಅದು ಗೊತ್ತೇ ಇರುತ್ತದೆ, ಹೇಳಿಸಬೇಕಷ್ಟೆ.

ಮೂರು: ನಿಯಮ ಜಾರಿಗೆ ಬರುವ ಮೊದಲು ಉತ್ತರ ಗೊತ್ತಿರುವ ಹತ್ತು ಹನ್ನೆರಡು ಮಾದರಿ ಕಡತಗಳನ್ನು ಅದರಲ್ಲಿ ಓಡಿಸಿ ನೋಡಬೇಕು. ಗಡಿಯ ಮೇಲೆ ನಿಂತವರನ್ನು ಮುಖ್ಯವಾಗಿ ಸೇರಿಸಬೇಕು: ನಷ್ಟ ಸರಿಯಾಗಿ ಶೇಕಡಾ 33, ಜಮೀನು ಸರಿಯಾಗಿ ಎರಡು ಹೆಕ್ಟೇರು, ಪಿಂಚಣಿ ಸರಿಯಾಗಿ ಹತ್ತು ಸಾವಿರ. ‘ಮೇಲೆ’ ಎಂಬುದಕ್ಕೂ ‘ಅಷ್ಟು ಅಥವಾ ಮೇಲೆ’ ಎಂಬುದಕ್ಕೂ ಇರುವ ಅಂತರ ಅಲ್ಲಿಯೇ ಬಯಲಾಗುತ್ತದೆ.

ನಾಲ್ಕು: ಬರ ಘೋಷಣೆಯ ವರ್ಷದಲ್ಲಿ ನಾಲ್ಕು ಗುಂಪುಗಳಲ್ಲಿ ಯಾವ ಮೂರನ್ನು ಆರಿಸಿದರು, ಪ್ರತಿ ತಾಲ್ಲೂಕಿನ ಅಂಕಿ ಏನು ಎಂಬುದನ್ನು ಪ್ರಕಟಿಸಬೇಕು. 1988ರಲ್ಲಿ ಬರ ಉಸ್ತುವಾರಿಗೆಂದು ಆರಂಭವಾಗಿ ಇಂದು ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದಿರುವ ಸಂಸ್ಥೆಯ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲಿಯೇ ಇವೆ. ಅಂಕಿಗೆ ಬರವಿಲ್ಲ. ಅಡಿಕೆ ಪ್ರಧಾನವಾದ ತಾಲ್ಲೂಕುಗಳಲ್ಲಿ ಜಲಸ್ಥಿತಿಯ ಗುಂಪನ್ನು ಕೈಬಿಡಲೇಬಾರದು.

ಐದು: ಈ ಶಿಸ್ತು ನಮ್ಮ ಮನೆಯಿಂದಲೇ ಆರಂಭವಾಗಲಿ. ಆಡಳಿತ ಮಂಡಳಿಯ ಸಾಲ ಮಂಜೂರಾತಿಯ ನಿರ್ಣಯಗಳನ್ನೂ ಉಪನಿಯಮಗಳ ಅರ್ಹತೆಯ ಕಲಮುಗಳನ್ನೂ ಇದೇ ರೀತಿ ಗುಂಪು ಕಟ್ಟಿ ಬರೆದು, ಸರ್ವ ಸದಸ್ಯರ ಸಭೆಯಲ್ಲಿ ಓದಿ, ಆಮೇಲೆಯೇ ಗಣಕಕ್ಕೆ ಕೊಡುವುದು ಕ್ಷೇಮ.

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬುದು ಹಿರಿಯರ ಮಾತು. ಒಂದು ಆವರಣಕ್ಕೆ ಹೋದ ಪರಿಹಾರವೂ ಹಾಗೆಯೇ. ಮುಂದಿನ ವರ್ಷ ಆದೇಶ ತಿದ್ದಿದರೂ ಈ ವರ್ಷ ಒಣಗಿದ ತೋಟಕ್ಕೆ ಅದು ಒದಗುವುದಿಲ್ಲ. ಸದಸ್ಯ ಬಾಂಧವರು ತಮಗೆ ಬಂದ ತಿರಸ್ಕಾರದ ಹಿಂಬರಹಗಳನ್ನೂ ಆಯಾ ಯೋಜನೆಯ ಆದೇಶದ ಪ್ರತಿಯನ್ನೂ ಸಂಘದ ಕಚೇರಿಗೆ ತಂದುಕೊಟ್ಟರೆ, ಷರತ್ತುಗಳನ್ನು ಗುಂಪು ಬಿಡಿಸಿ ನೋಡಿ, ಎಲ್ಲಿ ಗಂಟು ಬಿದ್ದಿದೆಯೆಂದು ಬರವಣಿಗೆಯಲ್ಲಿ ಸಂಬಂಧಪಟ್ಟವರ ಗಮನಕ್ಕೆ ತರಲು ನಾವು ಸಿದ್ಧರಿದ್ದೇವೆ.